ಈವ್‌ಷಾಮ್ ಕದನ

ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ ಏವನ್ ಎಂಬ ನದಿ ಹರಿಯುತ್ತದೆ. ಒಂದೆಡೆ ಅದು ದಕ್ಷಿಣಕ್ಕೆ ಇಳಿದು, ಬಳಸಿ, ಮತ್ತೆ ಉತ್ತರದತ್ತ ತಿರುಗಿ, ಕುದುರೆಯ ಲಾಳದ ಆಕಾರದಲ್ಲಿ ಒಂದು ತುಂಡು ನೆಲವನ್ನು ಸುತ್ತುವರಿದಿದೆ. ಆ ಲಾಳದೊಳಗೆ ಈವ್‌ಷಾಮ್ ಎಂಬ ಊರಿದೆ. ಪೂರ್ವ, ದಕ್ಷಿಣ, ಪಶ್ಚಿಮ ಈ ಮೂರು ದಿಕ್ಕುಗಳಲ್ಲಿಯೂ ನೀರು. ಉತ್ತರದಲ್ಲಿ ಮಾತ್ರ ನೆಲ ಮೆಲ್ಲಮೆಲ್ಲನೆ ಏರುತ್ತ ಹೋಗಿ ಗ್ರೀನ್ ಹಿಲ್ ಎಂಬ ದಿಣ್ಣೆಯಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಈ ಊರು ತನ್ನ ದೊಡ್ಡ ಕ್ರೈಸ್ತ ಮಠಕ್ಕೆ ಪ್ರಸಿದ್ಧವಾಗಿತ್ತು. ಪೂರ್ವದ ಕಡೆ ನದಿಗೆ ಒಂದು ಸೇತುವೆಯಿತ್ತು. ಶಾಂತಿಯ ಕಾಲದಲ್ಲಿ ಇಂತಹ ಊರಿಗೆ ನದಿಯೇ ಕೋಟೆ. ಆದರೆ ಶತ್ರುವು ದಿಣ್ಣೆಯನ್ನೂ ಸೇತುವೆಯನ್ನೂ ಹಿಡಿದುಕೊಂಡನೆಂದರೆ ಕೋಟೆಯೇ ಬೋನಾಗುತ್ತದೆ.

1265ನೆಯ ಇಸವಿ ಆಗಸ್ಟ್ 4, ಮಂಗಳವಾರ ಬೆಳಿಗ್ಗೆ ಆ ಬೋನಿನೊಳಗೆ ಸಿಕ್ಕಿಕೊಂಡವನು ಲೆಸ್ಟರಿನ ಅರ್ಲ್ ಸೈಮನ್ ಡಿ ಮಾಂಟ್‌ಫೋರ್ಟ್. ಇಂಗ್ಲೆಂಡಿನ ದೊರೆಯಾದ ಮೂರನೆಯ ಹೆನ್ರಿಯೇ ಅವನ ಕೈಯಲ್ಲಿ ಸೆರೆಯಾಗಿದ್ದನು. ಹಿಂದಿನ ಹದಿನೈದು ತಿಂಗಳುಗಳಿಂದ ರಾಜನ ಹೆಸರಿನಲ್ಲಿ ರಾಜ್ಯವನ್ನು ನಡೆಸುತ್ತಿದ್ದವನು ಸೈಮನ್ನನೇ. ಈಗ ಅವನ ಮೇಲೆ ದಂಡೆತ್ತಿ ಬಂದವನು ರಾಜನ ಹಿರಿಯ ಮಗ, ಇಪ್ಪತ್ತಾರು ವರ್ಷದ ಎಡ್ವರ್ಡ್. ಸೈಮನ್ ಎಡ್ವರ್ಡನಿಗೆ ಪರಕೀಯನಲ್ಲ. ಸೋದರತ್ತೆಯ ಗಂಡ, ಮಾವ. ಯುದ್ಧದ ಪಟ್ಟುಗಳನ್ನಷ್ಟೇ ಅಲ್ಲ, ರಾಜ್ಯವಾಳುವ ಕೆಲವು ರೀತಿಗಳನ್ನೂ ಅಳಿಯನು ಕಲಿತದ್ದು ಈ ಮಾವನಿಂದಲೇ.

ಈ ಹಗೆತನದ ಬೇರು ಅರ್ಧ ಶತಮಾನದಷ್ಟು ಹಿಂದಿನದು. ಹೆನ್ರಿಯ ತಂದೆ ಜಾನ್ ದೊರೆ ಪ್ರಜೆಗಳ ಮೇಲೆ ಮನಬಂದಂತೆ ತೆರಿಗೆ ಹೇರಿದುದರಿಂದ ದೇಶದ ಸರದಾರರು ತಿರುಗಿಬಿದ್ದು, 1215ರಲ್ಲಿ ಮ್ಯಾಗ್ನಾ ಕಾರ್ಟಾ ಎಂಬ ಮಹಾಸನ್ನದಿಗೆ ಅವನಿಂದ ಮುದ್ರೆ ಒತ್ತಿಸಿದರು. ರಾಜನೂ ಕಾನೂನಿಗೆ ಅಧೀನನೆಂಬುದು ಆ ಸನ್ನದಿನ ತಿರುಳು. ಆದರೆ ಕಾನೂನನ್ನು ರಾಜನೇ ಮುರಿದರೆ ಅವನನ್ನು ತಡೆಯುವವರು ಯಾರು? ಅದಕ್ಕೆ ಸನ್ನದಿನಲ್ಲಿ ನೆಲೆಯಾಗಿ ನಿಲ್ಲುವ ಉತ್ತರವಿರಲಿಲ್ಲ. ಮರುವರ್ಷವೇ ಜಾನ್ ತೀರಿಕೊಂಡನು. ಒಂಬತ್ತು ವರ್ಷದ ಬಾಲಕ ಹೆನ್ರಿ ಪಟ್ಟಕ್ಕೆ ಬಂದನು.

ಹೆನ್ರಿ ಕ್ರೂರಿಯಲ್ಲ. ದೈವಭಕ್ತ, ಕಲಾಭಿಮಾನಿ. ವೆಸ್ಟ್‌ಮಿನ್‌ಸ್ಟರಿನ ದೇವಾಲಯವನ್ನು ಹೊಸದಾಗಿ ಕಟ್ಟಿಸಲು ತೊಡಗಿದವನು ಅವನೇ. ಆದರೆ ಕೈ ಬಿಗಿಹಿಡಿದು ಖರ್ಚು ಮಾಡುವುದಾಗಲಿ, ಯೋಗ್ಯರನ್ನು ಗುರುತಿಸಿ ಹತ್ತಿರ ಇಟ್ಟುಕೊಳ್ಳುವುದಾಗಲಿ ಅವನಿಗೆ ತಿಳಿಯದು. ಹೆಂಡತಿಯ ಕಡೆಯ ನೆಂಟರೂ ಅವನ ಮಲಸೋದರರೂ ಫ್ರಾನ್ಸಿನಿಂದ ಬಂದು ಇಂಗ್ಲೆಂಡಿನ ಅಧಿಕಾರಗಳನ್ನೂ ಜಮೀನುಗಳನ್ನೂ ಪಡೆದರು. ಇದು ಸಾಲದೆಂಬಂತೆ, ತನ್ನ ಕಿರಿಯ ಮಗ ಎಡ್ಮಂಡನಿಗೆ ದೂರದ ಸಿಸಿಲಿ ದ್ವೀಪದ ಕಿರೀಟವನ್ನು ಕೊಡಿಸಬೇಕೆಂಬ ಹಂಬಲದಿಂದ ಹೆನ್ರಿ ಪೋಪನಿಗೆ 1,35,000ಕ್ಕೂ ಹೆಚ್ಚು ಮಾರ್ಕ್ ಹಣ ಕೊಡುವುದಾಗಿ ಒಪ್ಪಿಕೊಂಡನು. ಒಂದು ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ರಾಜ್ಯದ ಹಲವು ವರ್ಷಗಳ ಆದಾಯವನ್ನು ಕೂಡಿಸಿದರೂ ತೀರದ ಸಾಲ ಅದು. ಅದೇ ಹೊತ್ತಿಗೆ, 1257ರಲ್ಲಿ, ಬೆಳೆ ಕೆಟ್ಟಿತು. ಮರುವರ್ಷ ದೇಶದಲ್ಲಿ ಕ್ಷಾಮ ತಲೆದೋರಿತು. ಹಸಿದ ಜನರ ಮುಂದೆ ಸಿಸಿಲಿಯ ಕಿರೀಟದ ಮಾತು!

1258ರಲ್ಲಿ ಸರದಾರರು ಒಗ್ಗೂಡಿ, ಆಕ್ಸ್‌ಫರ್ಡಿನಲ್ಲಿ ನೆರೆದ ಸಭೆಯಲ್ಲಿ ಕೆಲವು ಕಟ್ಟಳೆಗಳನ್ನು ರೂಪಿಸಿದರು. ಹದಿನೈದು ಮಂದಿಯ ಮಂಡಲಿಯೊಂದು ರಾಜನಿಗೆ ಸಲಹೆ ಕೊಡಬೇಕು, ಅದನ್ನು ಮೀರಿ ಅವನು ನಡೆಯಕೂಡದು. ಪಾರ್ಲಿಮೆಂಟ್ ಎಂಬ ಸಭೆ ವರ್ಷಕ್ಕೆ ಮೂರು ಸಲ ಸೇರಬೇಕು. ಪ್ರತಿಯೊಂದು ಕೌಂಟಿಯಲ್ಲಿಯೂ ನಾಲ್ವರು ನೈಟರು ಅಧಿಕಾರಿಗಳ ಮೇಲಿನ ದೂರುಗಳನ್ನು ಬರೆದುಕೊಳ್ಳಬೇಕು. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ವಿಭಾಗ. ನೈಟರೆಂದರೆ ದೊಡ್ಡ ಸರದಾರರಿಗಿಂತ ಕೆಳಗಿನ ಅಂತಸ್ತಿನ, ಕುದುರೆಯೇರಿ ಯುದ್ಧಮಾಡುವ ಭೂಮಾಲಿಕರು. ಈ ವ್ಯವಸ್ಥೆಗೆ ರಾಜನ ಒಪ್ಪಿಗೆಯನ್ನು ಸಾರುವ ಘೋಷಣೆಯನ್ನು ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳಲ್ಲಷ್ಟೇ ಅಲ್ಲದೆ ಇಂಗ್ಲಿಷಿನಲ್ಲಿಯೂ ಹೊರಡಿಸಲಾಯಿತು. ಇದು ಸಣ್ಣ ಸಂಗತಿಯಲ್ಲ. 1066ರಲ್ಲಿ ನಾರ್ಮನ್ನರು ಗೆದ್ದ ಬಳಿಕ ಇಂಗ್ಲೆಂಡಿನ ಆಸ್ಥಾನದಲ್ಲಿ ಫ್ರೆಂಚ್ ಮಾತು, ಕಚೇರಿಯಲ್ಲಿ ಲ್ಯಾಟಿನ್ ಬರೆಹ. ಉಳುವವನ ಭಾಷೆಗೆ ಅಲ್ಲಿ ಪ್ರವೇಶವಿರಲಿಲ್ಲ. ಹಳ್ಳಿಯವನಿಗೂ ಅರ್ಥವಾಗಲೆಂದು ರಾಜಶಾಸನವನ್ನು ಅವನ ಮಾತಿನಲ್ಲಿ ಓದಿಸಿದಾಗ, ರಾಜ್ಯದ ವ್ಯವಹಾರ ತನಗೂ ಸೇರಿದ್ದೆಂದು ಅವನು ಮೊದಲ ಬಾರಿಗೆ ಕೇಳಿಸಿಕೊಂಡನು.

ಈ ಚಳವಳಿಯ ಮುಂದಾಳಾಗಿ ಬೆಳೆದವನು ಸೈಮನ್. ವಿದೇಶೀಯರ ವಿರುದ್ಧ ಕೂಗೆದ್ದ ಪಕ್ಷಕ್ಕೆ ವಿದೇಶೀಯನೇ ನಾಯಕನಾದುದು ಇತಿಹಾಸದ ಒಂದು ವಿನೋದ. ಅವನು ಹುಟ್ಟಿದುದು ಫ್ರಾನ್ಸಿನಲ್ಲಿ. ತನ್ನ ಮನೆತನಕ್ಕೆ ಸಲ್ಲಬೇಕಾಗಿದ್ದ ಲೆಸ್ಟರಿನ ಜಹಗೀರನ್ನು ಕೇಳಿಕೊಂಡು 1230ರ ಸುಮಾರಿಗೆ ಇಂಗ್ಲೆಂಡಿಗೆ ಬಂದನು. 1238ರಲ್ಲಿ ರಾಜನ ತಂಗಿ ಎಲಿನಾರಳನ್ನು ಗುಟ್ಟಾಗಿ ಮದುವೆಯಾದನು. ವಿಧವೆಯಾಗಿದ್ದ ಅವಳು ಮತ್ತೆ ಮದುವೆಯಾಗುವುದಿಲ್ಲವೆಂದು ವ್ರತ ತೊಟ್ಟಿದ್ದವಳು. ಆದುದರಿಂದ ಈ ಮದುವೆ ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಭಾವಮೈದುನರಿಬ್ಬರ ನಡುವೆ ಸಾಲದ ಜಗಳ, ವರದಕ್ಷಿಣೆಯ ಜಗಳ, ಅಧಿಕಾರದ ಜಗಳ ಒಂದಾದ ಮೇಲೊಂದು ನಡೆದವು. ಸೈಮನ್ ಧೀರ, ಯುದ್ಧಕುಶಲ, ಆಡಿದ ಮಾತಿಗೆ ಕಟ್ಟುಬಿದ್ದವನು. ಜೊತೆಗೆ ಹಠಮಾರಿ, ಆಸ್ತಿಯ ವಿಷಯದಲ್ಲಿ ದುರಾಸೆಯುಳ್ಳವನು. ಲೆಸ್ಟರಿನಿಂದ ಯೆಹೂದ್ಯರನ್ನು ಹೊರಗಟ್ಟಿದವನು ಅವನೇ. ಅಂತಃಕಲಹದ ಕಾಲದಲ್ಲಿ ಅವನ ಪಕ್ಷದವರು ಲಂಡನ್ ಮೊದಲಾದ ಪಟ್ಟಣಗಳಲ್ಲಿ ಯೆಹೂದ್ಯರನ್ನು ಕೊಂದು ಸುಲಿದರು. ಸೈಮನ್ನನ ಹೆಸರನ್ನು ಹೊಗಳುವ ಪುಸ್ತಕಗಳು ಈ ಪುಟವನ್ನು ಬೇಗ ಮಗುಚುವುದುಂಟು. ಹಾಗೆ ಮಗುಚುವುದು ನ್ಯಾಯವಲ್ಲ.

1261ರಲ್ಲಿ ಪೋಪನು ಹೆನ್ರಿಯನ್ನು ಅವನ ಪ್ರಮಾಣದಿಂದ ಬಿಡುಗಡೆ ಮಾಡಿದನು. 1264ರ ಜನವರಿಯಲ್ಲಿ ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ ಮಧ್ಯಸ್ಥನಾಗಿ ಕುಳಿತು, ಆಕ್ಸ್‌ಫರ್ಡಿನ ಕಟ್ಟಳೆಗಳು ಸಲ್ಲವೆಂದು ತೀರ್ಪಿತ್ತನು. ಇನ್ನುಳಿದುದು ಕತ್ತಿಯ ತೀರ್ಪು. ಅದೇ ವರ್ಷ ಮೇ 14ರಂದು ದಕ್ಷಿಣ ತೀರದ ಸಮೀಪದ ಲ್ಯೂಯಿಸ್ ಎಂಬಲ್ಲಿ ಎರಡು ಪಕ್ಷಗಳೂ ಎದುರಾದವು. ಎಡ್ವರ್ಡನ ತಾಯಿಯನ್ನು ಹಿಂದಿನ ವರ್ಷ ಲಂಡನ್ನಿನ ಜನ ಸೇತುವೆಯ ಮೇಲಿನಿಂದ ಹೀಯಾಳಿಸಿ ಅವಮಾನಿಸಿದ್ದರು. ಲ್ಯೂಯಿಸಿನಲ್ಲಿ ಸೈಮನ್ನನ ಪಕ್ಕದಲ್ಲಿ ನಿಂತಿದ್ದವರು ಅದೇ ಲಂಡನ್ನಿನವರು. ಎಡ್ವರ್ಡ್ ಅವರ ಮೇಲೆ ಬಿದ್ದು, ಚದುರಿಸಿ, ಸಿಟ್ಟಿನ ಭರದಲ್ಲಿ ಮೈಲಿಗಟ್ಟಲೆ ಬೆನ್ನಟ್ಟಿಕೊಂಡು ಹೋದನು. ಹಿಂದಿರುಗಿ ಬರುವಷ್ಟರಲ್ಲಿ ಕದನ ಮುಗಿದಿತ್ತು, ತಂದೆ ಸೋತಿದ್ದನು. ರಾಜನೂ ರಾಜಕುಮಾರನೂ ಸೈಮನ್ನನ ವಶವಾದರು. ಕೋಪಕ್ಕೆ ತೆತ್ತ ಈ ಬೆಲೆಯನ್ನು ಎಡ್ವರ್ಡ್ ಮರೆಯಲಿಲ್ಲ.

ಗೆದ್ದ ಸೈಮನ್ನನಿಗೆ ಆಳುವುದು ಗೆಲ್ಲುವುದಕ್ಕಿಂತ ಕಷ್ಟವಾಯಿತು. ದೊಡ್ಡ ಸರದಾರರಲ್ಲಿ ಹೆಚ್ಚಿನವರು ಅವನನ್ನು ನಂಬಲಿಲ್ಲ. ಆಗ ಅವನು ಕೈಗೊಂಡ ಒಂದು ಕ್ರಮವೇ ಅವನ ಹೆಸರನ್ನು ಇಂದಿಗೂ ಉಳಿಸಿದೆ. 1265ರ ಜನವರಿ 20ರಂದು ಸೇರಿದ ಪಾರ್ಲಿಮೆಂಟಿಗೆ ಪ್ರತಿ ಕೌಂಟಿಯಿಂದ ಇಬ್ಬರು ನೈಟರನ್ನೂ, ಅವರೊಡನೆ ಆಯ್ದ ಪಟ್ಟಣಗಳಿಂದ ಇಬ್ಬಿಬ್ಬರು ಪೌರರನ್ನೂ ಕರೆಸಿದನು. ಕೌಂಟಿಗಳ ನೈಟರನ್ನು ಕರೆಸಿದ ಉದಾಹರಣೆ 1254ರಲ್ಲಿಯೂ ಇತ್ತು. ಆದರೆ ಅಂಗಡಿಯಿಟ್ಟು ಬಾಳುವ, ಉಣ್ಣೆ ಮಾರುವ, ಹಡಗು ನಡೆಸುವ ಪಟ್ಟಣಿಗರನ್ನು ಅವರ ಪಟ್ಟಣದ ಪರವಾಗಿ ಮಾತನಾಡಿರೆಂದು ರಾಜ್ಯದ ಮಹಾಸಭೆಗೆ ಹೀಗೆ ಕರೆದದ್ದು ಹೊಸದು. ಜನಪ್ರೇಮ ಒಂದೇ ಇದಕ್ಕೆ ಕಾರಣವೆಂದು ತಿಳಿಯಬಾರದು. ಆ ಸಭೆಗೆ ಕರೆ ಹೋದ ಸರದಾರರು ಬರಿಯ ಇಪ್ಪತ್ಮೂರು ಮಂದಿ. ಮೇಲಿನವರ ಬೆಂಬಲ ತಪ್ಪಿದಾಗ ಸೈಮನ್ ಕೆಳಗಿನವರ ಕಡೆ ತಿರುಗಿದನು. ಹೊಲದಲ್ಲಿ ದುಡಿಯುವ ಜೀತದವನಿಗಾಗಲಿ ಹೆಂಗಸರಿಗಾಗಲಿ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಒಂದು ಬಾಗಿಲು ತೆರೆಯಿತು. ತೆರೆದವನ ಉದ್ದೇಶ ಏನೇ ಇರಲಿ, ಒಳಗೆ ಬಂದವರು ಬಂದರು.

ಇಷ್ಟರಲ್ಲಿ ಸೈಮನ್ನನ ಪಕ್ಷದೊಳಗೇ ಬಿರುಕು ಕಾಣಿಸಿತು. ಅವನ ಮಕ್ಕಳು ಸೋತವರ ಜಮೀನುಗಳನ್ನೂ ಕೋಟೆಗಳನ್ನೂ ಬಾಚಿಕೊಂಡರು. ರಾಜನ ನೆಂಟರ ದುರಾಸೆಯನ್ನು ಖಂಡಿಸಿದ ಮನೆಯಲ್ಲಿಯೇ ಅದಕ್ಕಿಂತ ಮಿಗಿಲಾದ ದುರಾಸೆ ಮೆರೆಯಿತು. ಗ್ಲಾಸ್ಟರಿನ ಅರ್ಲನಾದ ಗಿಲ್ಬರ್ಟ್ ಡಿ ಕ್ಲೇರ್, ಲ್ಯೂಯಿಸಿನಲ್ಲಿ ಸೈಮನ್ನನ ಬಲಗೈಯಾಗಿದ್ದವನು, ಮುನಿದು ದೂರವಾದನು. ಪಶ್ಚಿಮದ ಗಡಿಯಲ್ಲಿ ರಾಜನ ಪಕ್ಷದ ರೋಜರ್ ಮಾರ್ಟಿಮರ್ ಹೊಂಚುಹಾಕುತ್ತಿದ್ದನು. ಇವರನ್ನು ಹತೋಟಿಗೆ ತರಲೆಂದು ಸೈಮನ್ ರಾಜನನ್ನೂ ಎಡ್ವರ್ಡನನ್ನೂ ಜೊತೆಗೆ ಕರೆದುಕೊಂಡು ಹೆರೆಫರ್ಡ್ ಪಟ್ಟಣಕ್ಕೆ ಹೋದನು.

ಮೇ 28ರಂದು ಎಡ್ವರ್ಡ್ ಕಾವಲಿನವರೊಡನೆ ಊರ ಹೊರಗೆ ಸವಾರಿಗೆ ಹೊರಟನು. ಅಲ್ಲಿದ್ದ ಕುದುರೆಗಳನ್ನು ಪರೀಕ್ಷಿಸುವ ನೆಪದಲ್ಲಿ ಒಂದೊಂದನ್ನೇ ಏರಿ, ಓಡಿಸಿ, ದಣಿಸಿದನು. ಕೊನೆಗೆ ದಣಿಯದೆ ಉಳಿದಿದ್ದ ಒಂದೇ ಕುದುರೆಯನ್ನೇರಿ ಮಾಯವಾದನು. ಕಾವಲಿನವರ ಕುದುರೆಗಳಲ್ಲಿ ಬೆನ್ನಟ್ಟುವ ಶಕ್ತಿ ಉಳಿದಿರಲಿಲ್ಲ. ಜೊತೆಗಾರರಲ್ಲಿ ಗ್ಲಾಸ್ಟರಿನ ಅರ್ಲನ ತಮ್ಮನೂ ಇದ್ದನು. ಅವನಿಗೆ ಈ ಉಪಾಯ ಮೊದಲೇ ತಿಳಿದಿತ್ತು. ಅಂದು ಸಂಜೆಯ ಹೊತ್ತಿಗೆ ರಾಜಕುಮಾರ ಮಾರ್ಟಿಮರನ ವಿಗ್‌ಮೋರ್ ಕೋಟೆಯನ್ನು ಸೇರಿದ್ದನು. ಕೆಲವೇ ದಿನಗಳಲ್ಲಿ ಗ್ಲಾಸ್ಟರಿನ ಅರ್ಲನೂ ಅವನನ್ನು ಕೂಡಿಕೊಂಡನು. ಹಿಂದಿನ ಒಳ್ಳೆಯ ಕಾನೂನುಗಳನ್ನು ಕಾಪಾಡುವುದಾಗಿಯೂ ವಿದೇಶೀಯರನ್ನು ಅಧಿಕಾರದಿಂದ ದೂರವಿಡುವುದಾಗಿಯೂ ಎಡ್ವರ್ಡನಿಂದ ಮಾತು ಪಡೆದ ಮೇಲೆಯೇ ಅವನು ಕೂಡಿಕೊಂಡದ್ದು. ಸುಧಾರಣೆಯ ಮಾತು ಅಷ್ಟು ಹೊತ್ತಿಗಾಗಲೇ ಎರಡು ಪಾಳೆಯಗಳಿಗೂ ಬೇಕಾದ ಮಾತಾಗಿತ್ತೆಂಬುದನ್ನು ಗಮನಿಸಬೇಕು.

ಮುಂದಿನ ಎರಡು ತಿಂಗಳ ಕಥೆಯನ್ನು ತಿಳಿಯಬೇಕಾದರೆ ಸೆವರ್ನ್ ನದಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ವೇಲ್ಸಿನ ಬೆಟ್ಟಗಳಲ್ಲಿ ಹುಟ್ಟಿ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಈ ದೊಡ್ಡ ನದಿಯ ಪಶ್ಚಿಮಕ್ಕೆ ಸೈಮನ್ ಇದ್ದನು. ಅವನ ಬಲವೆಲ್ಲ ಇದ್ದುದು ಪೂರ್ವದಲ್ಲಿ: ಲಂಡನ್ ಪಟ್ಟಣ, ಕೆನಿಲ್‌ವರ್ತ್ ಎಂಬಲ್ಲಿದ್ದ ಅವನ ದೊಡ್ಡ ಕೋಟೆ, ತಂದೆಯ ಹೆಸರನ್ನೇ ಹೊತ್ತ ಮಗ ಕಿರಿಯ ಸೈಮನ್ನನ ಸೈನ್ಯ. ಎಡ್ವರ್ಡ್ ವೂಸ್ಟರ್ ಮತ್ತು ಗ್ಲಾಸ್ಟರ್ ಪಟ್ಟಣಗಳನ್ನು ಹಿಡಿದು, ಸೆವರ್ನಿನ ಸೇತುವೆಗಳನ್ನು ಮುರಿಸಿ, ದೋಣಿಗಳನ್ನು ತೆಗೆಸಿಹಾಕಿದನು. ಹಿರಿಯ ಸೈಮನ್ ವೇಲ್ಸಿನ ಅರಸ ಲೆವೆಲಿನ್ನನೊಡನೆ ಒಪ್ಪಂದ ಮಾಡಿಕೊಂಡು ಕಾಲಾಳುಗಳನ್ನು ಪಡೆದನು. ದಕ್ಷಿಣಕ್ಕೆ ಸರಿದು ಹಡಗಿನಲ್ಲಿ ಬ್ರಿಸ್ಟಲ್ಲಿಗೆ ದಾಟಲು ಯತ್ನಿಸಿದನು. ಎಡ್ವರ್ಡ್ ಹಡಗುಗಳನ್ನೇ ನಾಶಮಾಡಿಸಿದನು. ತಂದೆಯೂ ಮಗನೂ ಕೂಡದಂತೆ ನೋಡಿಕೊಂಡು, ಒಬ್ಬೊಬ್ಬರನ್ನೇ ಮುರಿಯುವುದು ಎಡ್ವರ್ಡನ ತಂತ್ರ.

ತಂದೆಯ ಕರೆ ಬಂದರೂ ಕಿರಿಯ ಸೈಮನ್ ಆತುರಪಡಲಿಲ್ಲ. ದಕ್ಷಿಣ ತೀರದಿಂದ ಹೊರಟವನು ನೇರ ದಾರಿಯನ್ನು ಬಿಟ್ಟು, ಲಂಡನ್ ಮಾರ್ಗವಾಗಿ, ವಿಂಚೆಸ್ಟರನ್ನು ಕೊಳ್ಳೆಹೊಡೆದು, ಆಕ್ಸ್‌ಫರ್ಡ್, ನಾರ್ತಾಂಪ್ಟನ್ ಎಂದು ಸುತ್ತಾಡಿ, ಜುಲೈ ಕೊನೆಗೆ ಕೆನಿಲ್‌ವರ್ತನ್ನು ಸೇರಿದನು. ಕೋಟೆಯ ಒಳಗೆ ಇಕ್ಕಟ್ಟೆಂದೋ ಏನೋ, ಅವನೂ ಅವನ ಜೊತೆಗಾರರೂ ಹೊರಗಿನ ಊರಿನಲ್ಲಿಯೇ ತಂಗಿದರು; ಸರಿಯಾದ ಕಾವಲನ್ನೂ ಇಡಲಿಲ್ಲ. ಸುದ್ದಿ ಬೇಹಿನವರ ಮೂಲಕ ವೂಸ್ಟರನ್ನು ಮುಟ್ಟಿತು. ಆಗಸ್ಟ್ 1ರ ರಾತ್ರಿ ಎಡ್ವರ್ಡ್ ಸೈನ್ಯದೊಡನೆ ಸುಮಾರು ಐವತ್ತು ಕಿಲೋಮೀಟರ್ ದಾರಿಯನ್ನು ಕತ್ತಲಲ್ಲಿ ಕ್ರಮಿಸಿ, ಬೆಳಕು ಹರಿಯುವ ಹೊತ್ತಿಗೆ ಕೆನಿಲ್‌ವರ್ತಿನ ಮೇಲೆ ಬಿದ್ದನು. ಹಾಸಿಗೆಯಿಂದ ಎದ್ದವರು ಬಟ್ಟೆ ತೊಡಲೂ ಬಿಡುವಿಲ್ಲದೆ ಓಡಿದರು. ಕಿರಿಯ ಸೈಮನ್ ಹೇಗೋ ತಪ್ಪಿಸಿಕೊಂಡು ಕೋಟೆಯೊಳಗೆ ಸೇರಿದನು. ಅವನ ಸರದಾರರಲ್ಲಿ ಹಲವರು ಸೆರೆಸಿಕ್ಕರು. ಸೆರೆಯಾಳುಗಳಿಗಿಂತ ಬೆಲೆಯುಳ್ಳ ವಸ್ತುವೊಂದು ಅಂದು ಎಡ್ವರ್ಡನ ಕೈಗೆ ಬಂದಿತು. ಅದು ಸೋತ ಸೈನ್ಯದ ಧ್ವಜಗಳು.

ಆ ಎರಡು ದಿನಗಳ ಬಿಡುವಿನಲ್ಲಿ ಹಿರಿಯ ಸೈಮನ್ ಕೆಂಪ್ಸಿ ಎಂಬಲ್ಲಿ ಕೊನೆಗೂ ಸೆವರ್ನನ್ನು ದಾಟಿದನು. ಮಗನ ಸೋಲು ಅವನಿಗೆ ತಿಳಿದಿರಲಿಲ್ಲ. ಕೆನಿಲ್‌ವರ್ತಿನ ಕಡೆಗೆ ಹೊರಟು, ರಾತ್ರಿಯೆಲ್ಲ ನಡೆದು, ಆಗಸ್ಟ್ 4ರ ಬೆಳಿಗ್ಗೆ ಈವ್‌ಷಾಮನ್ನು ಮುಟ್ಟಿದನು. ದಣಿದ ಸೈನ್ಯ ಮಠದ ಬಳಿ ತುಸು ವಿಶ್ರಮಿಸಿತು. ಅದೇ ರಾತ್ರಿ ಎಡ್ವರ್ಡನೂ ವೂಸ್ಟರಿನಿಂದ ಹೊರಟು, ದಾರಿಗೆ ಅಡ್ಡವಾಗಿ ಬಂದು, ಉತ್ತರದ ದಿಣ್ಣೆಯ ಕಡೆಗೆ ಸಾಗುತ್ತಿದ್ದನು.

ಬೆಳಗಿನ ಬೆಳಕಿನಲ್ಲಿ ಉತ್ತರದಿಂದ ಸೈನ್ಯವೊಂದು ಬರುತ್ತಿರುವುದು ಕಂಡಿತು. ಮುಂದೆ ಹಾರುತ್ತಿದ್ದುವು ಕಿರಿಯ ಸೈಮನ್ನನ ಮತ್ತು ಅವನ ಗೆಳೆಯರ ಧ್ವಜಗಳು. ಮಗನು ಬಂದನೆಂದು ಪಾಳೆಯದಲ್ಲಿ ಸಂತೋಷ ಹರಡಿತು. ಆ ಕಾಲದ ಯೋಧರು ಮುಖ ಮುಚ್ಚುವ ಶಿರಸ್ತ್ರಾಣ ತೊಡುತ್ತಿದ್ದುದರಿಂದ ಯಾರು ಯಾರೆಂಬುದನ್ನು ಧ್ವಜ ಮತ್ತು ಗುರಾಣಿಗಳ ಮೇಲಿನ ಲಾಂಛನಗಳಿಂದಲೇ ಗುರುತಿಸಬೇಕಾಗಿತ್ತು. ಸೈಮನ್ನನ ಕ್ಷೌರಿಕ ನಿಕೊಲಸ್ ಎಂಬವನಿಗೆ ಲಾಂಛನಗಳ ಪರಿಚಯ ಚೆನ್ನಾಗಿತ್ತಂತೆ. ಅವನು ಮಠದ ಗಂಟೆಗೋಪುರವನ್ನೇರಿ ನೋಡಿದನು. ಸೈನ್ಯ ಹತ್ತಿರವಾದಂತೆ ಮುಂದಿನ ಧ್ವಜಗಳ ಹಿಂದೆ ಬೇರೆ ಧ್ವಜಗಳು ತಲೆಯೆತ್ತಿದವು: ಎಡ್ವರ್ಡನದು, ಗ್ಲಾಸ್ಟರಿನ ಅರ್ಲನದು, ಮಾರ್ಟಿಮರನದು. ಬಂದದ್ದು ಮಗನಲ್ಲ, ಮೃತ್ಯುವೆಂದು ನಿಕೊಲಸ್ ಮೇಲಿನಿಂದ ಕೂಗಿ ತಿಳಿಸಿದನೆಂದು ಆ ಕಾಲದ ಬರೆಹಗಾರರು ಹೇಳುತ್ತಾರೆ.

ಸೈಮನ್ನನ ಅಂದಿನ ನಡೆನುಡಿಗಳನ್ನು ಕುರಿತು ಹಲವು ವೃತ್ತಾಂತಗಳಿವೆ. ಶತ್ರುಸೈನ್ಯದ ಶಿಸ್ತಾದ ವ್ಯೂಹವನ್ನು ಕಂಡು, ಇದನ್ನು ಅವರು ತನ್ನಿಂದಲೇ ಕಲಿತರೆಂದು ಅವನು ಮೆಚ್ಚಿ ನುಡಿದನಂತೆ. ಮಠದ ದೇವಾಲಯದಲ್ಲಿ ಆಶ್ರಯ ಪಡೆಯಬಹುದೆಂದು ಕೆಲವರು ಸೂಚಿಸಿದಾಗ, ಅದು ಪುರೋಹಿತರ ಜಾಗ, ಯೋಧನ ಜಾಗ ರಣರಂಗವೆಂದನಂತೆ. ಓಡಿಹೋಗಬಯಸುವವರು ಹೋಗಬಹುದೆಂದು ಜೊತೆಗಾರರಿಗೆ ಅನುಮತಿಯನ್ನೂ ಕೊಟ್ಟನಂತೆ. ಹೆಸರುಳ್ಳವರು ಬಿಟ್ಟುಹೋಗಲಿಲ್ಲ. ಐವತ್ತೇಳರ ಹರೆಯದ ಆ ಹಳೆಯ ಯೋಧನಿಗೆ ತನ್ನ ಮುಂದಿರುವುದೇನೆಂಬುದು ಸ್ಪಷ್ಟವಾಗಿತ್ತು.

ಎಡ್ವರ್ಡನ ಸೈನ್ಯ ಸಂಖ್ಯೆಯಲ್ಲಿ ಬಹಳ ದೊಡ್ಡದು. ನಿಂತ ನೆಲವೂ ಎತ್ತರದ್ದು. ಅವನ ಕಡೆಯವರು ಗುರುತಿಗಾಗಿ ಕೆಂಪು ಶಿಲುಬೆಗಳನ್ನು ಧರಿಸಿದ್ದರು. ಕದನಕ್ಕೆ ಮೊದಲೇ ಅವನು ಒಂದು ಭಯಂಕರವಾದ ಏರ್ಪಾಡು ಮಾಡಿದ್ದನು. ಯಾರನ್ನೂ ಲೆಕ್ಕಿಸದೆ ಸೈನ್ಯವನ್ನು ಸೀಳಿಕೊಂಡು ಹೋಗಿ ಸೈಮನ್ನನನ್ನು ಕೊಲ್ಲಬೇಕೆಂದು ಹನ್ನೆರಡು ಮಂದಿ ಬಲಶಾಲಿಗಳನ್ನು ನೇಮಿಸಿದ್ದನು. ಆ ದಿನಗಳಲ್ಲಿ ಕುಲೀನ ಯೋಧನನ್ನು ಕೊಲ್ಲುವ ಪದ್ಧತಿಯೇ ಇರಲಿಲ್ಲ. ಸೋತವನು ಶರಣಾದರೆ ಅವನನ್ನು ಸೆರೆಹಿಡಿದು, ಬಿಡುಗಡೆಗೆ ಹಣ ಪಡೆಯುವುದು ವಾಡಿಕೆ. ಲ್ಯೂಯಿಸಿನಲ್ಲಿ ಎಡ್ವರ್ಡನ ಜೀವ ಉಳಿದದ್ದೂ ಆ ವಾಡಿಕೆಯಿಂದಲೇ. ಈವ್‌ಷಾಮಿನಲ್ಲಿ ಅವನು ಅದನ್ನು ಕೈಬಿಟ್ಟನು.

ಬೆಳಿಗ್ಗೆ ಸುಮಾರು ಒಂಬತ್ತು ಗಂಟೆಯ ಹೊತ್ತಿಗೆ ಆಕಾಶ ಕಪ್ಪಿಟ್ಟು ಗುಡುಗು, ಸಿಡಿಲು, ಮಳೆ ತೊಡಗಿದವು. ಸೈಮನ್ ತನ್ನ ಕುದುರೆಯ ದಳವನ್ನು ಒತ್ತಾಗಿ ಕೂಡಿಸಿ, ದಿಣ್ಣೆಯ ಮೇಲಕ್ಕೆ, ಶತ್ರುಸಾಲಿನ ನಡುಮಧ್ಯಕ್ಕೆ ನುಗ್ಗಿಸಿದನು. ಸಾಲನ್ನು ಮುರಿದು ಆಚೆ ದಾಟುವುದೊಂದೇ ಉಳಿದ ದಾರಿ. ಮೊದಲ ಹೊಡೆತಕ್ಕೆ ಎಡ್ವರ್ಡನ ಸಾಲು ಬಾಗಿತು, ಮುರಿಯಲಿಲ್ಲ. ಎಡಬಲಗಳ ದಳಗಳು ಇಳಿದು ಬಂದು ಸುತ್ತುಗಟ್ಟಿದವು. ವೇಲ್ಸಿನ ಕಾಲಾಳುಗಳು ಬೆದರಿ ಊರಿನತ್ತ, ನದಿಯತ್ತ ಓಡಿದರು. ಅವರಲ್ಲಿ ಬಹಳ ಮಂದಿ ಓಡುವಾಗಲೇ ಹತರಾದರು. ಈ ಗೊಂದಲದಲ್ಲಿ ಅತ್ಯಂತ ದೀನ ಸ್ಥಿತಿಯಲ್ಲಿದ್ದವನು ದೊರೆ ಹೆನ್ರಿ. ಸೈಮನ್ನನ ಕಡೆಯವರು ತೊಡಿಸಿದ ಕವಚದಲ್ಲಿ ಗುರುತೇ ಸಿಗದಂತಿದ್ದ ಅವನಿಗೆ ಮಗನ ಸೈನಿಕರಿಂದಲೇ ಭುಜಕ್ಕೆ ಗಾಯವಾಯಿತು. ತಾನು ನಿಮ್ಮ ದೊರೆ, ಕೊಲ್ಲಬೇಡಿರೆಂದು ಅವನು ಮೊರೆಯಿಟ್ಟ ಬಳಿಕ ಯಾರೋ ಗುರುತಿಸಿ ಪಕ್ಕಕ್ಕೆ ಎಳೆದೊಯ್ದರು.

ಸೈಮನ್ನನ ಹಿರಿಯ ಮಗ ಹೆನ್ರಿ ಸತ್ತುಬಿದ್ದನು. ಕುದುರೆಯನ್ನು ಕಳೆದುಕೊಂಡ ಸೈಮನ್ ನೆಲದ ಮೇಲೆ ನಿಂತು ಹೋರಾಡುತ್ತಲೇ ಮಡಿದನು. ಅವನೊಡನೆ ಹ್ಯೂ ಡೆಸ್ಪೆನ್ಸರ್ ಮೊದಲಾದ ಮೂವತ್ತಕ್ಕೂ ಹೆಚ್ಚು ನೈಟರು ಬಿದ್ದರು. ಗೆದ್ದವರು ಅವನ ಹೆಣವನ್ನೂ ಬಿಡಲಿಲ್ಲ. ತುಂಡರಿಸಿ, ತಲೆಯನ್ನು ವಿಗ್‌ಮೋರಿಗೆ, ಮಾರ್ಟಿಮರನ ಹೆಂಡತಿಗೆ ಕಾಣಿಕೆಯಾಗಿ ಕಳುಹಿಸಿದರು. ಇದು ಕದನವಲ್ಲ, ಕೊಲೆಯೆಂದು ಸಮಕಾಲೀನನಾದ ಒಬ್ಬ ಬರೆಹಗಾರ ಬರೆದಿಟ್ಟಿದ್ದಾನೆ. ಉಳಿದ ದೇಹವನ್ನು ಮಠದ ಸಂನ್ಯಾಸಿಗಳು ದೇವಾಲಯದ ಬಲಿಪೀಠದ ಮುಂದೆ ಹೂಳಿದರು. ತನ್ನ ಆಟದ ಜೊತೆಗಾರನಾಗಿದ್ದ ಸೈಮನ್ನನ ಹಿರಿಯ ಮಗನ ಶವಸಂಸ್ಕಾರದಲ್ಲಿ ಎಡ್ವರ್ಡ್ ಕಣ್ಣೀರಿಟ್ಟನೆಂದು ಹೇಳುವುದುಂಟು.

ಕದನ ಮುಗಿದ ಕೆಲವೇ ದಿನಗಳಲ್ಲಿ ಲೆಸ್ಟರ್ ಪ್ರಾಂತದ ಪೀಟ್ಲಿಂಗ್ ಮ್ಯಾಗ್ನಾ ಎಂಬ ಹಳ್ಳಿಯಲ್ಲಿ ಒಂದು ಘಟನೆ ನಡೆಯಿತು. ರಾಜನ ಪಕ್ಷದ ಸರದಾರನೊಬ್ಬನ ಆಳುಗಳು ಗಾಡಿಯೊಡನೆ ಆ ಹಳ್ಳಿಯ ಮೂಲಕ ಹೊರಟಿದ್ದರು. ಹಳ್ಳಿಗರು ಅವರನ್ನು ತಡೆದರು. ಅವರು ಕೊಟ್ಟ ಕಾರಣ ಬೆರಗುಗೊಳಿಸುವಂತಹದು: ಈ ಆಳುಗಳ ಯಜಮಾನನು ಸರದಾರರಿಗೂ, ರಾಜ್ಯದ ಸಮಸ್ತ ಸಮುದಾಯದ ಹಿತಕ್ಕೂ ವಿರುದ್ಧವಾಗಿ ನಡೆಯುತ್ತಿದ್ದಾನೆ ಎಂಬುದು ಅವರ ಆರೋಪ. ಹಳ್ಳಿಗರಿಗೆ ದಂಡ ಬಿತ್ತು. ದಂಡ ಸಲ್ಲುವವರೆಗೆ ಅವರಲ್ಲಿ ಕೆಲವರನ್ನು ಒತ್ತೆಯಾಗಿ ಒಯ್ದರು. ಮೊಕದ್ದಮೆ ರಾಜನ ನ್ಯಾಯಾಲಯಕ್ಕೆ ಹೋದುದರಿಂದ ಅದರ ದಾಖಲೆ ಉಳಿದುಬಂದಿದೆ. ದೊಡ್ಡವರ ಸಭೆಗಳಲ್ಲಿ ಹುಟ್ಟಿದ ‘ರಾಜ್ಯದ ಸಮುದಾಯ’ ಎಂಬ ಮಾತು ಏಳೇ ವರ್ಷಗಳಲ್ಲಿ ಹೊಲ ಉಳುವವರ ಬಾಯಿಗೆ ಬಂದಿತ್ತು. ನಾಯಕನ ತಲೆ ಕೋಟೆಯಿಂದ ಕೋಟೆಗೆ ಹೋಗುತ್ತಿದ್ದ ದಿನಗಳಲ್ಲಿ ಅವರು ಆ ಮಾತನ್ನು ಆಡಿದರು.

ಈವ್‌ಷಾಮಿನ ಸಮಾಧಿಗೆ ಜನ ಯಾತ್ರೆ ಬರತೊಡಗಿದರು. ರೋಗ ಗುಣವಾಯಿತು, ಕುರುಡನಿಗೆ ಕಣ್ಣು ಬಂದಿತು ಎಂಬಂತಹ ಸುಮಾರು ಇನ್ನೂರು ಪವಾಡಗಳನ್ನು ಸಂನ್ಯಾಸಿಗಳು ಬರೆದಿಟ್ಟರು. ಸತ್ತ ಬಂಡಾಯಗಾರನು ಸಂತನಾಗುವುದನ್ನು ರಾಜನು ಸಹಿಸುವುದು ಸಾಧ್ಯವಿರಲಿಲ್ಲ. ಅವನ ಸೇಡಿನಿಂದಲೇ ಯುದ್ಧ ಇನ್ನೂ ಬೆಳೆಯಿತು. ಸೋತವರ ಜಮೀನುಗಳನ್ನೆಲ್ಲ ಕಿತ್ತುಕೊಂಡುದರಿಂದ, ಕಳೆದುಕೊಳ್ಳಲು ಏನೂ ಉಳಿಯದವರು ಕೆನಿಲ್‌ವರ್ತ್ ಕೋಟೆಯಲ್ಲಿ ಸೇರಿ, 1266ರಲ್ಲಿ ಸುಮಾರು ಆರು ತಿಂಗಳ ಮುತ್ತಿಗೆಯನ್ನು ತಾಳಿದರು. ಹಸಿವಿನಿಂದ ಕಂಗೆಟ್ಟು ಡಿಸೆಂಬರಿನಲ್ಲಿ ಅವರು ಕೋಟೆಯನ್ನು ಒಪ್ಪಿಸಿದರು. ಅಷ್ಟರಲ್ಲಿ ಸರ್ಕಾರವೂ ಮೆತ್ತಗಾಗಿತ್ತು: ಹಣ ತೆತ್ತು ಜಮೀನುಗಳನ್ನು ಹಿಂದಕ್ಕೆ ಪಡೆಯಬಹುದೆಂದು ಅಕ್ಟೋಬರಿನಲ್ಲಿಯೇ ತೀರ್ಮಾನವಾಗಿತ್ತು. ಸೈಮನ್ನನನ್ನು ಸಂತನೆಂದು ಕರೆಯಬಾರದೆಂಬ ನಿಷೇಧವೂ ಅದೇ ತೀರ್ಮಾನದಲ್ಲಿ ಸೇರಿತ್ತು. 1267ರಲ್ಲಿ ಮಾರ್ಲ್‌ಬರೋ ಎಂಬಲ್ಲಿ ಹೊರಡಿಸಿದ ಶಾಸನದಲ್ಲಿ ರಾಜನ ಪಕ್ಷದವರೇ ಸುಧಾರಕರ ಹಲವು ಕಾನೂನುಗಳನ್ನು ಎತ್ತಿಕೊಂಡರು. ರಾಜನನ್ನು ಕಟ್ಟಿಹಾಕುವ ಮಂಡಲಿಯನ್ನು ಮಾತ್ರ ಕೈಬಿಟ್ಟರು.

1272ರಲ್ಲಿ ಹೆನ್ರಿ ತೀರಿಕೊಂಡು, ಎಡ್ವರ್ಡ್ ದೊರೆಯಾದನು. ಅವನು ಬಲಿಷ್ಠ ರಾಜ. ಮಾವನಂತೆ ರಾಜನ ಕೈ ಕಟ್ಟುವ ವಿಚಾರವನ್ನು ಅವನೆಂದೂ ಒಪ್ಪಿದವನಲ್ಲ. ಆದರೆ ಅವನಿಗೆ ವೇಲ್ಸಿನಲ್ಲಿ, ಸ್ಕಾಟ್ಲೆಂಡಿನಲ್ಲಿ, ಫ್ರಾನ್ಸಿನಲ್ಲಿ ಯುದ್ಧಗಳು. ಯುದ್ಧಕ್ಕೆ ಹಣ ಬೇಕು, ಹಣಕ್ಕೆ ತೆರಿಗೆ ಬೇಕು. ಕೊಡುವವರನ್ನು ಕರೆಸಿ ಕೇಳಿದರೆ ತೆರಿಗೆ ಸುಲಭವಾಗಿ ಬರುತ್ತದೆಂಬುದನ್ನು ಅವನು ಕಂಡುಕೊಂಡನು. 1275ರ ಪಾರ್ಲಿಮೆಂಟಿಗೆ ಕೌಂಟಿಗಳ ನೈಟರಿಗೂ ಪಟ್ಟಣಿಗರಿಗೂ ಕರೆ ಹೋಯಿತು. 1295ರ ಪಾರ್ಲಿಮೆಂಟಿಗೆ ಪ್ರತಿ ಕೌಂಟಿಯಿಂದ ಇಬ್ಬರು, ಪ್ರತಿ ನಗರದಿಂದ ಇಬ್ಬರು, ಪ್ರತಿ ಪಟ್ಟಣದಿಂದ ಇಬ್ಬರು ಬರಬೇಕೆಂದು ಅಪ್ಪಣೆಯಾಯಿತು. ಮೂವತ್ತು ವರ್ಷಗಳ ಹಿಂದೆ, ತಾನು ಸೆರೆಯಾಳಾಗಿದ್ದ ಚಳಿಗಾಲದಲ್ಲಿ, ಮಾವನು ನಡೆಸಿದ ಸಭೆಯ ಕ್ರಮವನ್ನೇ ಎಡ್ವರ್ಡ್ ಅನುಸರಿಸಿದನು. ಹಣಕ್ಕೆಂದು ಕರೆಸಿಕೊಂಡವರು ಬರುವಾಗ ತಮ್ಮ ಊರಿನ ದೂರುಗಳನ್ನೂ ತಂದರು. ಮೊದಲು ದೂರು ಕೇಳಿ, ಅನಂತರ ಹಣ ಕೇಳಿರೆಂದು ಅವರ ಮೊಮ್ಮಕ್ಕಳು ಹೇಳುವಷ್ಟರ ಮಟ್ಟಿಗೆ ಆ ರೂಢಿ ಬೆಳೆಯಿತು. ಮುಂದೆ ಅವರ ಸಭೆಯೇ ಇಂಗ್ಲೆಂಡಿನ ಕೆಳಮನೆಯಾಯಿತು.

ಈವ್‌ಷಾಮಿನ ಮಠ ಈಗ ಇಲ್ಲ. 1540ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಅದನ್ನು ಮುಚ್ಚಿ, ಕಟ್ಟಡಗಳನ್ನು ಕೆಡವಿದರು. ದೇವಾಲಯದ ಬಲಿಪೀಠವಿದ್ದ ಕಡೆ, ಹುಲ್ಲಿನ ನಡುವೆ, ಕದನದ ಏಳುನೂರನೆಯ ವರ್ಷವಾದ 1965ರಲ್ಲಿ ಸೈಮನ್ನನ ನೆನಪಿಗಾಗಿ ಒಂದು ಕಲ್ಲನ್ನು ನಿಲ್ಲಿಸಿದ್ದಾರೆ. ಪಕ್ಕದಲ್ಲಿ ಎತ್ತರವಾದ ಗಂಟೆಗೋಪುರವೊಂದಿದೆ. ನೋಡಲು ಬಂದವರು ಅದನ್ನೇ ಕ್ಷೌರಿಕ ನಿಕೊಲಸ್ ಹತ್ತಿದ ಗೋಪುರವೆಂದು ಭಾವಿಸಬಹುದು. ಆದರೆ ಅದು ಹದಿನಾರನೆಯ ಶತಮಾನದ್ದು. ನಿಕೊಲಸ್ ನಿಂತು ಧ್ವಜಗಳನ್ನು ಗುರುತಿಸಿದ ಗೋಪುರ ಎಂದೋ ಮಣ್ಣುಪಾಲಾಗಿದೆ. ಅವನು ನೋಡಿದ ದಿಣ್ಣೆಯೂ ಊರನ್ನು ಬಳಸಿ ಹರಿಯುವ ನದಿಯೂ ಇದ್ದಲ್ಲಿಯೇ ಇವೆ.